ದೇವನಕ್ಕಿಯ ಮುಂದೆ ಅಮ್ಮ ಮಾತಾಡಿದ್ದು

ನನ್ನ ಅಮ್ಮ ತನ್ನ ಅಳಿಯನ ಜೊತೆ ನೇರವಾಗಿ ಮಾತಾಡುತ್ತಿರಲಿಲ್ಲ. ಜಗಳವೇನೂ ಇರಲಿಲ್ಲ; ಇದ್ದದ್ದು ವಿಪರೀತ ಮರ್ಯಾದೆ. ಅರಸೀಕೆರೆಯಲ್ಲಿ ನನ್ನ ಅಜ್ಜಿ ನನ್ನ ಅಪ್ಪನೆದುರು ಬರದೆ, ಬಾಗಿಲ ಮರೆಯಲ್ಲಿ ನಿಂತು, ಗೋಡೆಗೆ ಹೇಳುವ ಹಾಗೆ ಹೇಳುತ್ತಿದ್ದಳು. ಅಮ್ಮ ಅದನ್ನೇ ನೋಡಿ ಕಲಿತವಳು. ನಮ್ಮ ಮದುವೆಯಾದ ಹೊಸದರಲ್ಲಿ ಅವರಿಬ್ಬರ ನಡುವಿನ ಮಾತನ್ನು ಆ ಕಡೆಯಿಂದ ಈ ಕಡೆಗೆ ಹೊರುವ ಕೆಲಸ ನನ್ನದಾಗಿತ್ತು. ಮಗಳು ಹುಟ್ಟಿದ ಮೇಲೆ ಆ ಕೆಲಸ ಅವಳ ಪಾಲಿಗೆ ಹೋಯಿತು.

"ಪುಟ್ಟಿ, ನಿಮ್ಮಪ್ಪಂಗೆ ಹೇಳು, ಊಟಕ್ಕೆ ಬರ್ಬೇಕಂತೆ" ಎಂದು ಅಮ್ಮ ಅಡುಗೆಮನೆಯ ಬಾಗಿಲಿಂದ ಹೇಳುತ್ತಿದ್ದಳು. ನನ್ನ ಗಂಡ ಅಲ್ಲೇ ಎರಡು ಮಾರು ದೂರದಲ್ಲಿ ಕೂತು ಎಲ್ಲ ಕೇಳಿಸಿಕೊಂಡಿದ್ದರೂ ಮಗುವಿನ ಕಡೆ ತಿರುಗಿ, "ಅಜ್ಜಿಗೆ ಹೇಳು ಪುಟ್ಟಿ, ಬಂದೆ ಅಂತ" ಎನ್ನುತ್ತಿದ್ದ. ಒಂದೂವರೆ ವರ್ಷದ ಪುಟ್ಟಿಗೆ ಬರುತ್ತಿದ್ದದ್ದೇ ಬೆರಳೆಣಿಕೆಯ ಮಾತು, ಅದರಲ್ಲೂ ಅರ್ಧ ಹಿಂದಿ. ಅವಳು ಇಬ್ಬರನ್ನೂ ಒಂದೊಂದು ಸಲ ನೋಡಿ "ಅಚ್ಛಾ" ಎಂದು ಆಟಕ್ಕೆ ಮರಳುತ್ತಿದ್ದಳು. ನನಗೆ ನಗು ಬರುತ್ತಿತ್ತು. ಆ ಮಳೆಗಾಲ ಇದೇ ಮರ್ಯಾದೆ ನಮ್ಮ ಮನೆಯನ್ನು ಎಲ್ಲಿಗೆ ತಂದು ನಿಲ್ಲಿಸುತ್ತದೆ ಎಂದು ಆಗ ಗೊತ್ತಿರಲಿಲ್ಲ.

ನಾವಿದ್ದದ್ದು ಮಯೂರ್ ವಿಹಾರದ ಒಂದು ಸೊಸೈಟಿಯಲ್ಲಿ. ಮೂರನೇ ಮಹಡಿ, ಲಿಫ್ಟ್ ಇಲ್ಲ. ಮೆಟ್ರೋ ಕಂಬಗಳು ಆಗಷ್ಟೇ ಏಳುತ್ತಿದ್ದವು. ನಾನು ಬೆಳಿಗ್ಗೆ ಕಂಪನಿಯ ಕ್ಯಾಬ್ ಹತ್ತಿ ನೋಯ್ಡಾಕ್ಕೆ ಹೋದರೆ ಬರುವುದು ದೀಪ ಹಚ್ಚಿದ ಮೇಲೆ. ನನ್ನ ಗಂಡ ಯೂನಿವರ್ಸಿಟಿಯಲ್ಲಿ ಪಿಎಚ್‌ಡಿ ಮಾಡುತ್ತಿದ್ದ, ನಮ್ಮ ಸೀಮೆಯ ಹಳೇ ಕೆರೆಗಳ ಶಾಸನಗಳ ಬಗ್ಗೆ. ಯಾವ ಕಾಲದಲ್ಲಿ ಯಾವ ಕೆರೆಯ ಹೂಳನ್ನು ಯಾರು ತೆಗೆಸಬೇಕಿತ್ತು ಎನ್ನುವುದು ಅವನಿಗೆ ಬಾಯಿಪಾಠ. ಗ್ಯಾಸ್ ಸಿಲಿಂಡರ್ ಯಾವಾಗ ಬುಕ್ ಮಾಡಿದ್ದು ಎನ್ನುವುದು ಮಾತ್ರ ನೆನಪಿರುತ್ತಿರಲಿಲ್ಲ. ನನ್ನ ಹೆರಿಗೆ ರಜೆ ಮುಗಿಯುವ ಹೊತ್ತಿಗೆ, "ಥೀಸಿಸ್ ಬರೆಯೋದು ಮನೇಲೇ ಅಲ್ವಾ, ಮಗೂನ ನಾನು ನೋಡ್ಕೋತೀನಿ" ಎಂದ. ಅವಳು ಮಲಗಿದಾಗ ಬರೆಯುವುದು ಎಂಬುದು ಅವನ ಯೋಜನೆ. ಅವಳು ಮಲಗಿದಾಗ ಅವನೂ ಮಲಗುತ್ತಿದ್ದ. ಮಕ್ಕಳನ್ನು ಸಾಕಿದ ಯಾರಿಗೂ ಇದನ್ನು ಬಿಡಿಸಿ ಹೇಳಬೇಕಿಲ್ಲ.

ದೇವನಕ್ಕಿ ನಮ್ಮ ಸಂಸಾರಕ್ಕೆ ಸೇರಿದ್ದು ಕರೆಂಟು ಹೋದ ದೆಸೆಯಿಂದ. ಮಗಳ ಮೊದಲ ಬೇಸಿಗೆಯಲ್ಲಿ ದಿನಾ ಸಂಜೆ ಫ್ಯಾನ್ ನಿಲ್ಲುತ್ತಿತ್ತು, ಅವಳು ಅಳಲು ಶುರುಮಾಡುತ್ತಿದ್ದಳು. ಇವನು ನನ್ನ ಹಳೇ ಹತ್ತಿ ಸೀರೆಯಲ್ಲಿ ಅವಳನ್ನು ಎದೆಗೆ ಕಟ್ಟಿಕೊಂಡು, ಆಟೋ ಹಿಡಿದು, ಓಖ್ಲಾ ಬ್ಯಾರೇಜಿನ ಹಿನ್ನೀರಿನ ಏರಿಗೆ ಹೋಗುತ್ತಿದ್ದ. ಅಲ್ಲಿ ಯಮುನೆ ಅಗಲವಾಗಿ ಹರಡಿಕೊಂಡು ನಿಂತಿರುತ್ತದೆ. ಪುಣ್ಯಸ್ನಾನದ ಯಮುನೆಯಲ್ಲ, ಮೂಗು ಮುಚ್ಚಿಕೊಳ್ಳಬೇಕಾದ ಯಮುನೆ. ಆದರೂ ನೀರಿನ ಮೇಲೆ ಕಣ್ಣಿಗೆ ಕಾಣುವಷ್ಟು ದೂರ ಅಂತರಗಂಗೆ ಹಬ್ಬಿರುತ್ತದೆ, ಅಲ್ಲಿಂದ ತಣ್ಣನೆ ಗಾಳಿ ಬರುತ್ತದೆ. ಮಗಳು ಆ ಗಾಳಿಗೆ ಸುಮ್ಮನಾಗುತ್ತಿದ್ದಳು. ಹಾಗೆ ಸುಮ್ಮನಾದ ಒಂದು ಸಂಜೆ ಇವನು ಆ ಹಕ್ಕಿಯನ್ನು ನೋಡಿದ.

"ನೀರಿನ ಮೇಲೆ ನಡೀತಿತ್ತು ಕಣೇ!" ಎಂದು ನಾನು ಚಪ್ಪಲಿ ಬಿಡುವ ಮೊದಲೇ ಹೇಳಿದ. ಮರುವಾರ ನನ್ನನ್ನೂ ಎಳೆದುಕೊಂಡು ಹೋದ. ನಿಜಕ್ಕೂ ನಡೆಯುತ್ತಿತ್ತು. ಚಾಕೊಲೇಟ್ ಬಣ್ಣದ ಮೈ, ಬಿಳಿ ರೆಕ್ಕೆ, ಕತ್ತಿನ ಹಿಂಭಾಗಕ್ಕೆ ಚಿನ್ನದ ಹಳದಿ, ಕುಡುಗೋಲಿನ ಹಾಗೆ ಬಾಗಿದ ಉದ್ದನೆಯ ಬಾಲ. ನನ್ನ ಕಣ್ಣು ನೆಟ್ಟದ್ದು ಕಾಲಿನ ಮೇಲೆ. ಕಡ್ಡಿಯಂಥ ಕಾಲಿನ ತುದಿಗೆ ಇಷ್ಟುದ್ದ ಬೆರಳುಗಳು, ಯಾರದೋ ಪಾದವನ್ನು ಸಾಲ ತಂದು ಜೋಡಿಸಿದಂತೆ. ಪ್ರತಿ ಹೆಜ್ಜೆಯನ್ನೂ ಮೇಲಕ್ಕೆತ್ತಿ, ಬೆರಳುಗಳನ್ನು ಮಡಚಿ, ಮುಂದಿನ ಎಲೆಯ ಮೇಲೆ ಬಿಡಿಸಿ ಇಡುತ್ತಿತ್ತು. ಎಲೆ ಒಂದಿಷ್ಟು ತಗ್ಗುತ್ತಿತ್ತು. ಅದು ಪೂರ್ತಿ ಮುಳುಗುವ ಮೊದಲೇ ಹಕ್ಕಿ ಇನ್ನೊಂದರ ಮೇಲಿರುತ್ತಿತ್ತು. ಆತುರವಿಲ್ಲ, ಭಯವೂ ಇಲ್ಲ.

ಇವನು ಕೆಂಪುಕೋಟೆಯ ಹಿಂದಿನ ಸಂತೆಯಿಂದ ಒಂದು ಹಳೇ ಬೈನಾಕ್ಯುಲರ್ ತಂದ. ಅದರ ಒಂದು ಕಣ್ಣಿಗೆ ಬೂಸಲು ಹಿಡಿದಿತ್ತು. ಜೊತೆಗೆ ಹಕ್ಕಿಗಳ ಪುಸ್ತಕವೊಂದನ್ನೂ ತಂದು, ಊಟ ಮಾಡುತ್ತ ನನಗೆ ಪಾಠ ಹೇಳಿದ. ಕನ್ನಡದಲ್ಲಿ ಅದು ದೇವನಕ್ಕಿ, ಇಲ್ಲಿಯವರಿಗೆ ಜಲಮಯೂರ. ಗಂಡಿಗಿಂತ ಹೆಣ್ಣು ಗಾತ್ರದಲ್ಲಿ ದೊಡ್ಡದು, ನೋಡಲು ಎರಡೂ ಒಂದೇ ಥರ. ತೇಲುವ ಎಲೆಗಳ ಮೇಲೆ ಹೆಣ್ಣು ಮೊಟ್ಟೆಯಿಡುತ್ತದೆ. ಅಲ್ಲಿಗೆ ಅದರ ಕೆಲಸ ಮುಗಿಯಿತು. ಕಾವು ಕೂರುವುದು, ನೀರು ಏರಿದರೆ ಮೊಟ್ಟೆಗಳನ್ನು ಬೇರೆ ಎಲೆಗೆ ಸಾಗಿಸುವುದು, ಮರಿಗಳನ್ನು ಮಳೆಯಲ್ಲಿ ರೆಕ್ಕೆಯಡಿ ಇಟ್ಟುಕೊಳ್ಳುವುದು, ಎಲ್ಲ ಗಂಡಿನದು. ಇದನ್ನು ಹೇಳುವಾಗ ಅವನ ಮುಖ ನೋಡಬೇಕಿತ್ತು. ದೂರದ ಊರಲ್ಲಿ ಒಡಹುಟ್ಟಿದವನೇ ಸಿಕ್ಕಂತಿತ್ತು.

"ಮೊಟ್ಟೆ ಇಟ್ಟ ಮೇಲೆ ಹೆಣ್ಣು ಏನು ಮಾಡುತ್ತೆ?" ಎಂದು ಕೇಳಿದೆ.

"ಅದು... ಆ ಪುಟ ಹರಿದುಹೋಗಿದೆ" ಎಂದ, ಸಾರು ಬಡಿಸಿಕೊಳ್ಳುತ್ತ. ನಾನು ನಂಬಿದೆ.

ಮಗಳು ನಡೆಯಲು ಕಲಿತದ್ದು ಅದೇ ಹಕ್ಕಿಯ ಹಾಗೆ. ಮೊಣಕಾಲನ್ನು ಹೊಟ್ಟೆಯವರೆಗೆ ಎತ್ತಿ, ಪಾದವನ್ನು ಧೊಪ್ಪನೆ ಬಿಡಿಸಿ ಇಡುವುದು. ಮೊಸಾಯಿಕ್ ನೆಲದ ಮೇಲೆ ಅಪ್ಪ ಮುಂದೆ, ಅವಳು ಹಿಂದೆ, ಇಬ್ಬರೂ ಹಾಗೆ ಹೆಜ್ಜೆಯಿಡುತ್ತ ಹಾಲಿನಿಂದ ಅಡುಗೆಮನೆಗೆ ಬರುತ್ತಿದ್ದರು. ಆಫೀಸಿನಿಂದ ಹೈರಾಣಾಗಿ ಬಂದವಳು ಬ್ಯಾಗು ಹೆಗಲಲ್ಲಿಟ್ಟುಕೊಂಡೇ ನಿಂತು ನೋಡುತ್ತಿದ್ದೆ. ನನಗೆ ಆ ಇಬ್ಬರ ಮೇಲೂ ಎಂಥ ಪ್ರೀತಿ ಬರುತ್ತಿತ್ತೆಂದರೆ ಅದರ ಹಿಂದೆಯೇ ಸಣ್ಣ ಹೊಟ್ಟೆಕಿಚ್ಚೂ ಬರುತ್ತಿತ್ತು.

ಅಮ್ಮ ಬಂದದ್ದು ಮಗಳ ಎರಡನೇ ಮಳೆಗಾಲದಲ್ಲಿ. ಅಪ್ಪ ಕೊಬ್ಬರಿ ಮಂಡಿ ಬಿಟ್ಟು ಬರಲಿಲ್ಲ. ಅಮ್ಮನೊಬ್ಬಳೇ ರಾಗಿಹಿಟ್ಟು, ಚಟ್ನಿಪುಡಿ, ಹುಣಸೆಹಣ್ಣು, ಒಂದು ಚೀಲ ತೆಂಗಿನಕಾಯಿ ಸಮೇತ ನಿಜಾಮುದ್ದೀನ್ ಸ್ಟೇಷನ್ನಿನಲ್ಲಿ ಇಳಿದಳು. ತೆಂಗಿನಕಾಯಿ ಚೀಲವನ್ನು ಅಳಿಯ ಎತ್ತಿಕೊಳ್ಳಲು ಹೋದದ್ದೇ ತಡ, "ಪುಟ್ಟಿ, ನಿಮ್ಮಪ್ಪಂಗೆ ಮುಟ್ಬೇಡಿ ಅನ್ನು" ಎಂದು ಅದನ್ನು ತಾನೇ ಸೊಂಟಕ್ಕೇರಿಸಿಕೊಂಡು, ನಮ್ಮ ಮೂರು ಮಹಡಿಯನ್ನೂ ಎಲ್ಲೂ ನಿಲ್ಲದೆ ಹತ್ತಿದಳು. ಆಮೇಲೂ ಅಷ್ಟೆ. ಸೊಪ್ಪು ತರಲೆಂದು ದಿನಕ್ಕೆರಡು ಸಲ ಇಳಿದು ಹತ್ತುವಳು. ಕೆಳಗಿನ ತರಕಾರಿ ಭಯ್ಯಾನ ಜೊತೆ ಕನ್ನಡದಲ್ಲೇ ಚೌಕಾಸಿ ಮಾಡಿ ಗೆದ್ದು ಬರುವಳು.

ಅಮ್ಮ ಮನೆಯಲ್ಲಿದ್ದರೆ ನಾನೂ ಬದಲಾಗಬೇಕಿತ್ತು. ಕಾಲೇಜಿನಿಂದ "ನೀನು, ಹೋಗೋ, ಬಾರೋ" ಎಂದುಕೊಂಡೇ ಬಂದವನನ್ನು "ರೀ" ಎಂದು ಕರೆಯಬೇಕು. ನಾನು "ರೀ, ಟವಲ್ ತಗೊಳ್ಳಿ" ಎಂದರೆ ಅವನು ಅಮ್ಮನಿಗೆ ಬೆನ್ನು ಹಾಕಿ, ಹಲ್ಲು ಕಿರಿದು, "ತುಂಬಾ ಉಪಕಾರ ಆಯ್ತು" ಎಂದು ತುಟಿಯಲ್ಲೇ ಹೇಳುವನು.

ಅಮ್ಮನಿಗೆ ತಡೆಯಲಾಗದೆ ಹೋದದ್ದು ಅಳಿಯ ಮಗುವಿನ ಚಾಕರಿ ಮಾಡುವುದು. ಬಂದ ಮಾರನೇ ದಿನವೇ ನನ್ನನ್ನು ಅಡುಗೆಮನೆಗೆ ಎಳೆದಳು.

"ಅಲ್ವೇ, ಅಳಿಯಂದ್ರ ಕೈಲಿ ಕುಂಡಿ ತೊಳೆಸ್ತೀಯಲ್ಲೇ, ನಾಚಿಕೆ ಆಗಲ್ವಾ ನಿನಗೆ?"

"ನನ್ನ ಕುಂಡಿ ಅಲ್ಲಮ್ಮ, ಅವರ ಮಗಳದ್ದು."

"ಬಾಯಿ ಮುಚ್ಚು. ಓದೋ ಮನುಷ್ಯರನ್ನ ಆಯಾ ಮಾಡಿಟ್ಟಿದ್ದೀಯ."

ಅವನು ಮಗುವಿಗೆ ಎಣ್ಣೆ ಹಚ್ಚಲು ಕೂತರೆ ಅಮ್ಮ ಬಟ್ಟಲನ್ನು ಕಸಿದುಕೊಳ್ಳುವಳು. ಅವನು ಗಂಜಿ ತಿರುವಲು ನಿಂತರೆ "ಪುಟ್ಟಿ, ನಿಮ್ಮಪ್ಪಂಗೆ ಹೋಗಿ ಓದ್ಕೊಳ್ಳೋಕೆ ಹೇಳು" ಎನ್ನುವಳು. ಅವನು ವಿಧೇಯನಾಗಿ ರೂಮಿಗೆ ಹೋಗಿ, ಶಾಸನಗಳ ಮುಂದೆ ಕೂತು, ಆಚೆಯಿಂದ ಬರುವ ಮಗುವಿನ ಸದ್ದಿಗೆ ಕಿವಿಗೊಟ್ಟಿರುವನು. ಬರೆದದ್ದು ಒಂದು ಸಾಲೂ ಇಲ್ಲ. ಬಾಗಿಲ ಸಂದಿಯಿಂದ ಅಮ್ಮನಿಗೆ ಕಾಣುತ್ತಿದ್ದದ್ದು ಮೇಜಿನ ಮೇಲೆ ಬಾಗಿದ ತಲೆ ಮಾತ್ರ.

ಎರಡು ವಾರ ಕಳೆದಿರಬೇಕು, ಅಮ್ಮ ನೆನೆಸಿದ ಅವರೇಕಾಳು ಹಿಚುಕುತ್ತ ವಿಷಯ ತೆಗೆದಳು. "ಪುಟ್ಟೀನ ನಾನು ಕರ್ಕೊಂಡು ಹೋಗ್ತೀನಿ. ಸ್ಕೂಲಿಗೆ ಸೇರಿಸೋ ಹೊತ್ತಿಗೆ ತಂದು ಬಿಡ್ತೀನಿ. ಪಾಪ, ಅವ್ರ ಓದು ಹಾಳಾಗ್ತಿದೆ. ನಾಳೆ ಅವರಮ್ಮ ನನ್ನನ್ನೇ ಕೇಳಲ್ವಾ, ನಿಮ್ಮ ಮಗಳು ನಮ್ಮ ಹುಡುಗನ್ನ ಏನು ಮಾಡಿಟ್ಟಿದ್ದಾಳೆ ಅಂತ?"

ಬೇಡ ಎನ್ನಲು ಬಾಯಿ ತೆರೆದೆ. ಆಗ ನನಗೆ ಹೊಳೆದದ್ದು ಇದು: ದಿನವಿಡೀ ಸಾಕುವವನು ಅವನು. ಥೀಸಿಸ್ ತಡವಾಯಿತೆಂದು ಯೂನಿವರ್ಸಿಟಿಯ ಗೈಡು ಸಿಟ್ಟಾಗಿರುವುದು ಅವನ ಮೇಲೆ. ಮಗು ಇಲ್ಲೇ ಇರಲಿ ಎಂದು ನಾನು ಹಟ ಹಿಡಿದರೆ ಅದರ ಭಾರ ಬೀಳುವುದು ಅವನ ತಲೆಯ ಮೇಲೆ. ಬೆಳಿಗ್ಗೆ ಕ್ಯಾಬ್ ಹತ್ತಿ ಹೋಗುವವಳಿಗೆ ಬೇಡ ಎನ್ನುವ ಹಕ್ಕೆಲ್ಲಿದೆ? "ಅವರನ್ನ ಕೇಳ್ತೀನಿ" ಎಂದೆ.

ಅವನು ಮಂಚದ ಮೇಲೆ ಕೂತು ಒಗೆದ ಬಟ್ಟೆ ಮಡಚುತ್ತಿದ್ದ. ಅಮ್ಮ ಹೇಳಿದ್ದನ್ನು ಹೇಳಿದೆ. ಕೈಯಲ್ಲಿದ್ದ ಮಗಳ ಹಳದಿ ಫ್ರಾಕನ್ನು ಮಡಚಿದ, ಬಿಡಿಸಿದ, ಮತ್ತೆ ಮಡಚಿದ.

"ಅತ್ತೆ ಹಾಗಂದ್ರಾ?"

"ಹ್ಞೂಂ."

"ದೊಡ್ಡೋರು, ಯೋಚನೆ ಮಾಡೇ ಹೇಳಿರ್ತಾರೆ."

"ನಿನ್ನ ಥೀಸಿಸ್ ಆದ್ರೂ ಮುಗಿಯುತ್ತೆ" ಎಂದೆ. ಥೀಸಿಸ್ ಹಾಳಾಗಿಹೋಗಲಿ ಎಂದು ಅವನು ಕೂಗಾಡಲಿ ಎಂದೇ ಹಾಗೆಂದದ್ದು.

"ಅದೂ ನಿಜ" ಎಂದ.

ಮೌನಂ ಸಮ್ಮತಿ ಲಕ್ಷಣಂ ಎನ್ನುತ್ತಾರೆ. ಮೌನವನ್ನಾದರೂ ಅರ್ಥಮಾಡಿಕೊಳ್ಳಬಹುದು, ಇಂಥ ಎರಡು ಮರ್ಯಾದೆಯ ಮಾತನ್ನು ಏನು ಮಾಡುವುದು? ನಾನು ಅಡುಗೆಮನೆಗೆ ಹೋಗಿ ಅಮ್ಮನಿಗೆ "ಆಗ್ಲಿ ಅಂದ್ರು" ಎಂದೆ. ಅಮ್ಮ "ಒಳ್ಳೇದಾಯ್ತು" ಎಂದು ಕಾಳಿನ ಕಡೆ ಬಗ್ಗಿದಳು. ಅಲ್ಲಿಗೆ ತೀರ್ಮಾನವಾಯಿತು. ನಮ್ಮಲ್ಲಿ ಒಬ್ಬರೂ ದನಿ ಎತ್ತಲಿಲ್ಲ. ನಾನು ಮಾರನೇ ದಿನ ಕ್ಯಾಬಿನ ಕಿಟಕಿಗೆ ಮುಖ ಆನಿಸಿಕೊಂಡು ನೋಯ್ಡಾದವರೆಗೆ ಅತ್ತೆ. ಪಕ್ಕದ ಹುಡುಗಿ ಅಪ್ರೈಸಲ್ ಸರಿ ಬಂದಿಲ್ಲವೇನೋ ಎಂದುಕೊಂಡು ಟಿಶ್ಯೂ ಕೊಟ್ಟಳು.

ಅಮ್ಮನ ಟಿಕೆಟ್ ಮೊದಲೇ ಆಗಿತ್ತು. ಅಷ್ಟು ಚಿಕ್ಕ ಮಗುವಿಗೆ ಟಿಕೆಟ್ಟೇ ಬೇಕಿರಲಿಲ್ಲ, ಎತ್ತಿಕೊಂಡು ಹೋದರಾಯಿತು. ಅದೇ ನನಗೆ ಅತಿ ಕಷ್ಟವೆನಿಸಿದ್ದು. ಒಂದು ಮಗುವನ್ನು ಊರು ಬಿಡಿಸುವುದಕ್ಕೆ ಒಂದಾದರೂ ತೊಡಕು ಬೇಡವೇ? ಅಮ್ಮ ಮಗುವಿನ ಬಟ್ಟೆಗಳನ್ನು ನೀಲಿ ಬ್ಯಾಗಿಗೆ ತುಂಬಿದಳು. ಆ ಬ್ಯಾಗು ಬಾಗಿಲ ಹಿಂದೆ ನಿಂತಿತು. ನನ್ನ ಗಂಡ ಅದರ ಪಕ್ಕ ಹೋಗುವಾಗೆಲ್ಲ ಬೇರೆ ಕಡೆ ನೋಡುತ್ತಿದ್ದ.

ಮಂಗಳವಾರದ ರೈಲು. ಭಾನುವಾರ ಬೆಳಿಗ್ಗೆ ಇವನು ಮಗಳನ್ನು ಎತ್ತಿಕೊಂಡು, "ಪುಟ್ಟಿ, ಅಜ್ಜೀನ ಕರಿ. ದೇವನಕ್ಕಿ ಮರಿ ಮಾಡಿದೆ, ತೋರಿಸಿಕೊಂಡು ಬರೋಣ ಅಂತ ಹೇಳು" ಎಂದ. ಮಗಳು ಮೊಣಕಾಲೆತ್ತಿ ನಡೆದು ತೋರಿಸಿದಳು. ಅಮ್ಮ ಸೀರೆ ಬದಲಿಸಿದಳು.

ನಾಲ್ವರೂ ಒಂದೇ ಆಟೋದಲ್ಲಿ ತುರುಕಿಕೊಂಡು ಹೊರಟೆವು. ರಾತ್ರಿ ಮಳೆಯಾಗಿತ್ತು, ಮೋಡ ಇನ್ನೂ ಕದಲಿರಲಿಲ್ಲ. ಆಟೋದ ಗಾಳಿಗೆ ಮಗಳು ಅಪ್ಪನ ಹೆಗಲ ಮೇಲೆ ನಿದ್ದೆಹೋದಳು. ಏರಿಯ ಮೇಲೆ ಜನವಿರಲಿಲ್ಲ. ದೂರದಲ್ಲಿ ಒಬ್ಬ ಭುಟ್ಟಾ ಭಯ್ಯಾ ಕೆಂಡಕ್ಕೆ ಬೀಸಣಿಗೆ ಬೀಸುತ್ತಿದ್ದ. ಕಂಬಿಯ ಬದಿಯಲ್ಲಿ ನಾನು ನಡುವೆ, ಆಚೆ ಅಮ್ಮ, ಈಚೆ ಇವನು ನಿಂತೆವು.

ಹಕ್ಕಿ ಹತ್ತಿರದಲ್ಲೇ ಇತ್ತು. ನಾಲ್ಕು ಮರಿಗಳು, ಕಂದು ಹತ್ತಿಯುಂಡೆಯಂಥವು, ಆದರೆ ಕಾಲು ಮಾತ್ರ ಹುಟ್ಟುತ್ತಲೇ ದೊಡ್ಡವರದ್ದು. ಎಲೆಯಿಂದ ಎಲೆಗೆ ಎಡವುತ್ತ ಓಡುತ್ತಿದ್ದವು. ಇವನು ಅವುಗಳನ್ನು ಮೊಟ್ಟೆಯಿದ್ದಾಗಿನಿಂದ ಕಾದಿದ್ದ. ಸಣ್ಣಗೆ ಹನಿ ಶುರುವಾಯಿತು. ಹಕ್ಕಿ ಒಂದು ಸಲ ಬೆಕ್ಕಿನಂತೆ ಮಿಯಾವೆಂದು ಕೂಗಿ, ರೆಕ್ಕೆಗಳನ್ನು ಸಡಿಲ ಮಾಡಿ ಕುಳಿತಿತು. ಮರಿಗಳು ಒಂದೊಂದಾಗಿ ಒಳಗೆ ತೂರಿಕೊಂಡವು.

ಅಮ್ಮನ ಕಣ್ಣು ತುಂಬಿತು. "ನೋಡೇ, ತಾಯಿ ಕರುಳು ಅಂದ್ರೆ ಇದು. ತಾನು ನೆಂದ್ರೂ ಪರವಾಗಿಲ್ಲ, ಮರಿಗಳ ಮೇಲೆ ಹನಿ ಬೀಳೋ ಹಾಗಿಲ್ಲ."

ನಾನು ಇವನ ಕಡೆ ನೋಡಿದೆ. "ಪುಟ್ಟಿ, ಅಜ್ಜಿಗೆ ಹೇಳು..." ಎಂದು ಶುರು ಮಾಡಿದ. ಪುಟ್ಟಿ ಬಾಯಿ ತೆರೆದು ನಿದ್ದೆ ಮಾಡುತ್ತಿದ್ದಳು. ಅವನು ನನ್ನ ಕಡೆ ನೋಡಿದ. ಅಮ್ಮನೂ ಏನೋ ಇದೆಯೆಂದು ನನ್ನ ಕಡೆಯೇ ನೋಡಿದಳು. ನನಗೆ ಇದ್ದಕ್ಕಿದ್ದಂತೆ ರೇಗಿತು. ಇಬ್ಬರ ಮರ್ಯಾದೆಯ ನಡುವೆ ಗೂಟದ ಹಾಗೆ ನಿಂತು ನಿಂತು ಸಾಕಾಗಿಹೋಗಿತ್ತು. "ಭುಟ್ಟಾ ತರ್ತೀನಿ" ಎಂದು ಹೊರಟೇಬಿಟ್ಟೆ.

ಭಯ್ಯಾ ಜೋಳದ ತೆನೆ ಸುಟ್ಟು, ನಿಂಬೆಹೋಳಿಗೆ ಮಸಾಲೆ ಅದ್ದಿ ಉಜ್ಜಿ ಕೊಡುವವರೆಗೂ ನಾನು ಹಿಂದಿರುಗಿ ನೋಡಲಿಲ್ಲ. ಮೂರು ತೆನೆ ಹಿಡಿದು ವಾಪಸು ಬರುವಾಗ ಅವರ ಬೆನ್ನು ನನ್ನ ಕಡೆಗಿತ್ತು. ನಾನು ಬಿಟ್ಟುಹೋದ ಜಾಗ ಅವರ ನಡುವೆ ಹಾಗೇ ಖಾಲಿಯಿತ್ತು. ಇವನ ದನಿ ಕೇಳಿಸಿತು.

"ಅದು ತಾಯಿ ಅಲ್ಲ, ಅತ್ತೆ. ಗಂಡು."

ಅಮ್ಮ ನೀರಿನ ಕಡೆಯೇ ನೋಡುತ್ತ, "ಗಂಡಾ?" ಎಂದಳು. ಅಳಿಯನಿಗೆ ಅವಳು ನೇರವಾಗಿ ಆಡಿದ ಮೊದಲ ಮಾತು ಅದು.

"ಹೌದು. ಕಾವು ಕೂರೋದು, ಮರಿ ಸಾಕೋದು ಎಲ್ಲ ಅದೇ."

"ಹಾಗಾದ್ರೆ ಹೆತ್ತೋಳು ಎಲ್ಲಿ ಹೋದ್ಲು?"

ಇವನಿಗೆ ಸುಳ್ಳು ಹೇಳಲು ಬರುವುದಿಲ್ಲ. ಹರಿದ ಪುಟದ ಸುಳ್ಳನ್ನು ನನಗೆ ಹೇಗೆ ಹೇಳಿದನೋ, ಅತ್ತೆಗೆ ಹೇಳಲಾಗಲಿಲ್ಲ. "ಇಲ್ಲೇ ಎಲ್ಲೋ ಇರುತ್ತೆ ಅತ್ತೆ. ಅದು... ಇನ್ನೊಂದು ಗಂಡಿನ ಹತ್ರ ಹೋಗುತ್ತೆ. ಅಲ್ಲೂ ಮೊಟ್ಟೆ ಇಟ್ಟು, ಮತ್ತೆ ಇನ್ನೊಂದರ ಹತ್ರ."

"ಶಿವ ಶಿವಾ!" ಎಂದು ಅಮ್ಮ ತಿರುಗಿದವಳು ತೆನೆ ಹಿಡಿದು ನಿಂತ ನನ್ನನ್ನು ಕಂಡಳು. ಅಡಿಯಿಂದ ಮುಡಿಯವರೆಗೆ ನೋಡಿದಳು.

"ನನ್ನ ಯಾಕೆ ಹಾಗೆ ನೋಡ್ತೀಯಮ್ಮ? ನಾನು ಹೋಗೋದು ಆಫೀಸಿಗೆ!"

ಇವನ ಕಿವಿ ಕೆಂಪಾಯಿತು. "ಅಯ್ಯೋ ಅತ್ತೆ, ನಾನು ಆ ಅರ್ಥದಲ್ಲಿ ಹೇಳ್ಲಿಲ್ಲ..." ಅಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಭುಜ ಕುಲುಕಿತು. ಆಮೇಲೆ ತಡೆಯಲಾರದೆ ನಕ್ಕಳು, ಅಳಿಯನ ಎದುರೇ, ಕಂಬಿ ಹಿಡಿದುಕೊಂಡು. ಇವನೂ ನಕ್ಕ. ಮಗಳು ಅವನ ಹೆಗಲ ಮೇಲೆ ಅಲುಗಾಡಿ ಮತ್ತೆ ಮಲಗಿದಳು.

ಆ ನಗುವಿನ ಮಧ್ಯೆಯೇ ಹಕ್ಕಿ ಕಿರುಚಿತು. ದಿಲ್ಲಿಯ ಆಕಾಶದಲ್ಲಿ ಹದ್ದು ಇಲ್ಲದ ಗಳಿಗೆಯಿಲ್ಲ. ಅದರಲ್ಲೊಂದು ಏಕಾಏಕಿ ಕೆಳಗಿಳಿದಿತ್ತು. ದೇವನಕ್ಕಿ ರೆಕ್ಕೆ ಬಡಿದು ಅದರ ಮುಖಕ್ಕೇ ಹಾರಿತು. ಮರಿಗಳು ಮಾಯವಾದವು. ಎಲೆಗಳಡಿ ನೀರಿನಲ್ಲಿ ಮುಳುಗಿ, ಕೊಕ್ಕಿನ ತುದಿಯಷ್ಟೇ ಹೊರಗಿಟ್ಟು ಅಡಗುತ್ತವೆ ಎಂದು ಇವನು ಹಿಂದೊಮ್ಮೆ ಹೇಳಿದ್ದ. ಹದ್ದು ಒಂದು ಸುತ್ತು ಹಾಕಿತು, ಇನ್ನೊಂದು ಹಾಕಿತು, ಕೊನೆಗೆ ಬೇಸತ್ತು ಬ್ಯಾರೇಜಿನ ಕಡೆ ಹೋಯಿತು. ಹಕ್ಕಿ ಅಂತರಗಂಗೆಯ ಮೇಲಿಳಿದು ಕರೆಯಿತು. ಒಂದು ಮರಿ ಬಂತು. ಎರಡು. ತುಸು ಹೊತ್ತಾದ ಮೇಲೆ ಮೂರನೆಯದು.

"ಒಂದು ಬಂದಿಲ್ಲ" ಎಂದ ಇವನು.

ಹಕ್ಕಿ ಮೂರು ಮರಿಗಳನ್ನೂ ಒಂದೆಡೆ ಬಿಟ್ಟು ಆ ಎಲೆಗಳ ಮೇಲೆಲ್ಲ ನಡೆಯತೊಡಗಿತು. ಅದೇ ಎತ್ತಿದ ಹೆಜ್ಜೆ, ಅದೇ ಬಿಡಿಸಿದ ಬೆರಳು. ಎರಡು ಹೆಜ್ಜೆಗೊಮ್ಮೆ ನಿಂತು ಕರೆಯುವುದು, ಎಲೆ ಮಗುಚಿ ನೋಡುವುದು.

"ಈಗ ಏನು ಮಾಡುತ್ತೆ?" ಅಮ್ಮ ಕೇಳಿದಳು. ಮಗುವನ್ನು ಕೇಳಲಿಲ್ಲ, ನನ್ನನ್ನೂ ಕೇಳಲಿಲ್ಲ.

"ಹುಡುಕುತ್ತೆ ಅತ್ತೆ. ಸಿಗೋವರೆಗೂ ಹುಡುಕುತ್ತೆ." ಮಗಳ ಬೆನ್ನ ಮೇಲಿದ್ದ ಅವನ ಅಂಗೈ ಅವಳನ್ನು ಎದೆಗೆ ಇನ್ನಷ್ಟು ಒತ್ತಿಕೊಂಡಿತು.

ಅಮ್ಮ ಹಕ್ಕಿಯನ್ನು ಬಿಟ್ಟು ಆ ಕೈಯನ್ನು ನೋಡಿದಳು. ಬಹಳ ಹೊತ್ತು ನೋಡಿದಳು.

"ಇವಳು ನಮ್ಮೂರಿಗೆ ಬಂದ್ಮೇಲೆ ನೀವೇನು ಮಾಡ್ತೀರಿ?"

"ಓದ್ಬಹುದು" ಎಂದ. ಆಮೇಲೆ, "ಗೊತ್ತಿಲ್ಲ ಅತ್ತೆ" ಎಂದ. ಕನ್ನಡಕ ತೆಗೆದು ಒರೆಸಿಕೊಳ್ಳಲು ಅವನಿಗೆ ಕೈ ಬಿಡುವಿರಲಿಲ್ಲ. ಕಣ್ಣೀರು ಹಾಗೇ ಇಳಿಯಿತು.

"ಮತ್ತೆ ಬೇಡ ಅಂತ ಯಾಕೆ ಅನ್ಲಿಲ್ಲ?"

"ನೀವು ಬಾಯಿ ಬಿಟ್ಟು ಕೇಳಿದ್ರಿ. ಹೇಗೆ ಇಲ್ಲ ಅನ್ಲಿ?"

"ನಾನು ಕೇಳಿದ್ದು ನಿಮಗೆ ಕಷ್ಟ ಆಗ್ತಿದೆ ಅಂತ ಕಣ್ರೀ!" ಅಮ್ಮನ ದನಿ ಏರಿತು. "ನನಗೇನು ಹುಚ್ಚಾ? ಈ ಮಂಡಿನೋವು ಇಟ್ಕೊಂಡು ಇವಳ ಹಿಂದೆ ನಾನು ಓಡೋಕಾಗುತ್ತಾ?"

ಇಬ್ಬರೂ ಒಟ್ಟಿಗೇ ನನ್ನ ಕಡೆ ತಿರುಗಿದರು. "ನೀನಾದ್ರೂ ಒಂದು ಮಾತು ಹೇಳ್ಬಾರ್ದಿತ್ತಾ?" ಎಂದಳು ಅಮ್ಮ.

ನನ್ನ ತಾಳ್ಮೆಯ ಕಟ್ಟೆ ಒಡೆಯಿತು. "ನಾನು ಏನಂತ ಹೇಳ್ಲಿ? ನೀನು ಅವರಿಗೋಸ್ಕರ ಅಂತೀಯ, ಅವರು ನಿನಗೋಸ್ಕರ ಅಂತಾರೆ. ನನಗೆ ನನ್ನ ಮಗಳು ಬೇಕು ಅಂತ ಯಾರ ಹತ್ರ ಹೇಳ್ಲಿ?" ಎಂದು ಆ ಏರಿಯ ಮೇಲೆ, ಎರಡೂ ಕೈಯಲ್ಲಿ ಜೋಳದ ತೆನೆ ಹಿಡಿದುಕೊಂಡು ಗೊಳೋ ಎಂದು ಅತ್ತೆ. ಗದ್ದಲಕ್ಕೆ ಮಗಳು ಎದ್ದಳು. ನಮ್ಮ ಮುಖಗಳನ್ನು ನೋಡಿ ತನಗೆ ಸಂಬಂಧವಿಲ್ಲವೆಂಬಂತೆ ತೆನೆಗೆ ಕೈಚಾಚಿದಳು.

ನಾಲ್ಕನೇ ಮರಿಯನ್ನು ಮೊದಲು ಕಂಡದ್ದು ಅಮ್ಮ, ಬೈನಾಕ್ಯುಲರ್ ಇಲ್ಲದೆ. "ಅಲ್ಲಿ ನೋಡಿ, ಆ ಹೂವಿನ ಪಕ್ಕ!" ಎಂದು ಅಳಿಯನ ಮೊಣಕೈ ಜಗ್ಗಿದಳು. ಮುಟ್ಟಿದ್ದು ಅರಿವಿಗೆ ಬಂದೊಡನೆ ಕೈ ಹಿಂದಕ್ಕೆ ತೆಗೆದುಕೊಂಡಳು.

ಮನೆಗೆ ಬಂದ ಕೂಡಲೇ ಅಮ್ಮ ನೀಲಿ ಬ್ಯಾಗನ್ನು ಮಂಚದ ಮೇಲೆ ಸುರಿದಳು. ಬಟ್ಟೆಗಳನ್ನು ತಾನೇ ಮಡಚಿ ಅಲ್ಮಾರಿಗೆ ಸೇರಿಸಿದಳು, ನಮ್ಮನ್ನು ಹತ್ತಿರ ಬರಗೊಡಲಿಲ್ಲ. ಮಂಗಳವಾರ ನಿಜಾಮುದ್ದೀನಿನ ಪ್ಲಾಟ್‌ಫಾರ್ಮಿನಲ್ಲಿ ರೈಲು ಕದಲಿದಾಗ ಕಿಟಕಿಯ ಸರಳಿಗೆ ಮುಖ ಇಟ್ಟು, "ಪುಟ್ಟಿ, ನಿಮ್ಮಪ್ಪಂಗೆ ಹೇಳು..." ಎಂದು ಅಭ್ಯಾಸಬಲದಿಂದ ಶುರುಮಾಡಿ, ನಿಲ್ಲಿಸಿ, ಅವನನ್ನೇ ನೋಡಿ ಹೇಳಿದಳು: "ನೀವು ಹೊತ್ತಿಗೆ ಸರಿಯಾಗಿ ಊಟ ಮಾಡಿ." ಅವನು ರೈಲಿನ ಜೊತೆ ನಾಲ್ಕು ಹೆಜ್ಜೆ ಹೋದ. ಮಗಳು ಅವನ ಹೆಗಲ ಮೇಲಿಂದ ಟಾಟಾ ಮಾಡಿದಳು.

ಮುಂದಿನ ವಾರ ಒಂದು ಬೆಳಿಗ್ಗೆ ಮಗಳು ಹಳದಿ ಫ್ರಾಕೇ ಬೇಕೆಂದು ರಚ್ಚೆ ಹಿಡಿದಳು. ಅಲ್ಮಾರಿ ತಡಕಿದೆವು, ಒಗೆಯುವ ಬಕೆಟ್ಟು ತಡಕಿದೆವು, ಬಾಲ್ಕನಿಯಿಂದ ಕೆಳಗೆ ಬಿದ್ದಿದೆಯೇನೋ ಎಂದು ಇವನು ಮೂರು ಮಹಡಿ ಇಳಿದು ಹತ್ತಿ ಏದುಸಿರು ಬಿಟ್ಟ. ಅವನ ಏದುಸಿರು ಕೇಳುತ್ತ ನನಗೆ ತೆಂಗಿನಕಾಯಿ ಚೀಲ ಹೊತ್ತು ಅದೇ ಮೆಟ್ಟಿಲನ್ನು ನಿಲ್ಲದೆ ಹತ್ತಿದ ಅಮ್ಮನ ಮಂಡಿಗಳು ನೆನಪಾದವು. ಫೋನ್ ಮಾಡಿದೆ.

"ಅಮ್ಮ, ಪುಟ್ಟಿಯ ಹಳದಿ ಫ್ರಾಕ್ ಎಲ್ಲಿಟ್ಟೆ?"

ಆ ಕಡೆಯಿಂದ ಕೊಬ್ಬರಿ ಮಂಡಿಯ ಲಾರಿಯ ಹಾರನ್ ಕೇಳಿಸಿತು.

"ಅಮ್ಮ?"

"ಅವ್ರಿಗೆ ಕೊಡು ಫೋನು" ಎಂದಳು.

ಕೊಟ್ಟೆ. ಇವನು ಮೊದಲು ನಗುತ್ತಲೇ "ಹೇಳಿ ಅತ್ತೆ" ಎಂದ. ಆಮೇಲೆ ಸುಮ್ಮನೆ ಕೇಳಿಸಿಕೊಂಡ. ಮಗಳು ಅವನ ಕಾಲ ಬಳಿ ಮೊಣಕಾಲೆತ್ತಿ ನಡೆಯುತ್ತಿದ್ದಳು. ಅವನು ಬಗ್ಗಿ ಅವಳ ತಲೆಯ ಮೇಲೆ ಕೈಯಿಟ್ಟ.

"ಆ ಫ್ರಾಕ್ ಒಗೀಬೇಡಿ ಅತ್ತೆ" ಎಂದ. "ಹಾಗೇ ಇರ್ಲಿ. ನಿಮ್ಮ ಹತ್ರಾನೇ ಇರ್ಲಿ."